ಜರ್ಮನಿಗೆ ಹೊರಟವರ ಸೂಟ್‌ಕೇಸಿಗೆ 3 ಲೀಟರಿನ ಕುಕ್ಕರ್

ಮಂಗಳೂರು, ಉಡುಪಿ ಕಡೆಯಿಂದ ಎಂ.ಎಸ್. ಓದಲು ಜರ್ಮನಿಗೆ ಹೋಗುವವರಿಗೆ ಮನೆಯವರು ಕಟ್ಟಿಕೊಡುವ ಪಾತ್ರೆಗಳಲ್ಲಿ ಅರ್ಧಕ್ಕರ್ಧ ಅಲ್ಲಿ ಕಪಾಟಿನ ಮೂಲೆ ಸೇರುತ್ತವೆ. ದಿನಾ ಒಲೆ ಏರುವುದು ಒಂದೇ: ಒಳಮುಚ್ಚಳದ, ಇಂಡಕ್ಷನ್ ತಳದ 3 ಲೀಟರ್ ಸ್ಟೀಲ್ ಕುಕ್ಕರ್. ಹಾಕಿನ್ಸ್ ಎಂದರೆ ಒಳಮುಚ್ಚಳ. ಪ್ರೆಸ್ಟೀಜ್‌ನಲ್ಲಿ ಹೊರಮುಚ್ಚಳದವೇ ಹೆಚ್ಚು. ಒಳಗೆ ಒತ್ತಡ ಇರುವಷ್ಟು ಹೊತ್ತು ಒಳಮುಚ್ಚಳ ಬಿಚ್ಚಿಕೊಳ್ಳುವುದೇ ಇಲ್ಲ. ಅಡುಗೆಯನ್ನೇ ಹೊಸದಾಗಿ ಕಲಿಯುತ್ತಿರುವವರಿಗೆ ಇದೊಂದು ಗುಣ ಸಾಕು.

ಅಳತೆ 3 ಲೀಟರೇ ಯಾಕೆ ಎಂಬುದಕ್ಕೆ ನಮ್ಮ ಕುಚ್ಚಲಕ್ಕಿಯೇ ಉತ್ತರ. ಅನ್ನ, ಬೇಳೆಯಂಥ ನೊರೆ ಉಕ್ಕುವ ಪದಾರ್ಥವನ್ನು ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬಾರದು. 250 ಎಂ.ಎಲ್. ಲೋಟದಲ್ಲಿ ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಹಾಕಿದರೆ ಒಟ್ಟು 1.25 ಲೀಟರ್, 3 ಲೀಟರಿನ ಅರ್ಧದೊಳಗೆ ಸರಿಯಾಗಿ ಕೂರುತ್ತದೆ, ಒಬ್ಬರಿಗೆ ಎರಡು ಹೊತ್ತಿಗಾಗುತ್ತದೆ. ಒಂದೂವರೆ ಲೋಟ ಹಾಕುವ ಆಸೆ ಬೇಡ, ಗಂಜಿ ತೆಳಿ ಮೇಲೇರಿ ವಿಶಲ್ ತೂತನ್ನು ಕಟ್ಟಿಬಿಡುತ್ತದೆ. 2 ಲೀಟರಿನದರಲ್ಲಿ ಒಂದು ಲೋಟವೂ ಹಿಡಿಯದು. 5 ಲೀಟರಿನದು ಒಬ್ಬರಿಗೆ ಬರೀ ಭಾರ.

ಅಂಗಡಿಗೆ ಹೋಗುವಾಗ ಫ್ರಿಜ್‌ಗೆ ಅಂಟಿಸುವ ಒಂದು ಆಯಸ್ಕಾಂತ, ಒಂದು ಸ್ಟೀಲ್ ಸ್ಕೇಲು ಜೇಬಿನಲ್ಲಿರಲಿ. ಮಂಗಳೂರಿನ ಹಂಪನಕಟ್ಟೆಯಾಗಲಿ, ಉಡುಪಿ ರಥಬೀದಿಯಾಗಲಿ, ಪಾತ್ರೆ ಅಂಗಡಿಯವರು ಇದಕ್ಕೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಯಸ್ಕಾಂತ ತಳಕ್ಕೆ ಗಟ್ಟಿಯಾಗಿ ಕಚ್ಚಬೇಕು. ಸ್ಕೇಲನ್ನು ತಳಕ್ಕೆ ಅಡ್ಡ ಹಿಡಿದರೆ ನಡುವೆ ಬೆಳಕು ಕಾಣಬಾರದು. ತಳ ಉಬ್ಬಿದ್ದರೆ ಅಲ್ಲಿನ ಚಪ್ಪಟೆ ಒಲೆಗಳಲ್ಲಿ ಅಡುಗೆ ನಿಧಾನ, ಒಂದು ಕಡೆ ಮಾತ್ರ ಹತ್ತುತ್ತದೆ. ಐ.ಎಸ್. 2347 ಎಂಬ ಐ.ಎಸ್.ಐ. ಗುರುತು ಇದೆಯೇ ನೋಡಿ. ಸಾದಾ ಅಲ್ಯೂಮಿನಿಯಂ ಹಗುರವೇನೋ ಹೌದು, ಆದರೆ ಇಂಡಕ್ಷನ್ನಿಗೆ ಆಗದು. ಮೇಲಾಗಿ ಹಂಚಿಕೊಂಡ ಮನೆಯಲ್ಲಿ ಯಾರಾದರೂ ಅದನ್ನು ಡಿಶ್‌ವಾಷರಿಗೆ ಹಾಕಿದರೆ ಸೋಪಿನ ಕ್ಷಾರಕ್ಕೆ ಕಪ್ಪಾಗಿ ಹೊರಬರುತ್ತದೆ. ಸ್ಟೀಲಿನದಕ್ಕೆ ಆ ಭಯವಿಲ್ಲ, ಗ್ಯಾಸ್ಕೆಟ್ ಮತ್ತು ವಿಶಲ್ ತೆಗೆದಿಟ್ಟರಾಯಿತು.

ಅಲ್ಲಿನ ವಿದ್ಯಾರ್ಥಿ ವಸತಿಗಳಲ್ಲಿ ಗ್ಯಾಸ್ ಕಾಣುವುದು ಅಪರೂಪ. ಕಬ್ಬಿಣದ ತಟ್ಟೆಯ ಒಲೆ, ಗಾಜಿನ ಕೆಳಗೆ ಕೆಂಪಾಗುವ ಒಲೆ, ಇಂಡಕ್ಷನ್, ಈ ಮೂರರಲ್ಲಿ ಒಂದು ಸಿಗುತ್ತದೆ, ಮೂರಕ್ಕೂ ಲೆಕ್ಕ ಬೇರೆ. ಕುಚ್ಚಲಕ್ಕಿಯನ್ನು ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ಮೊದಲ ವಿಶಲ್‌ವರೆಗೆ ಜೋರು ಉರಿ, ಆಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಕಬ್ಬಿಣದ ತಟ್ಟೆ ಆರಿಸಿದ ಮೇಲೂ ಕಾದೇ ಇರುತ್ತದೆ, ಹಾಗಾಗಿ ಐದು ನಿಮಿಷ ಮೊದಲೇ ಆರಿಸಿ ಕುಕ್ಕರನ್ನು ಅಲ್ಲೇ ಬಿಡಿ. ಇಂಡಕ್ಷನ್ ಆರಿಸಿದ ಕೂಡಲೇ ಬಿಸಿ ನಿಲ್ಲುತ್ತದೆ. ಅಲ್ಲಿ ಮೂರ್ನಾಲ್ಕು ನಿಮಿಷ ಹೆಚ್ಚು ಬೇಕು. ಇಂಡಕ್ಷನ್ನಿನಲ್ಲಿ ಉರಿಯ ಅಂಕಿಯನ್ನು 9ಕ್ಕೆ ತಿರುಗಿಸಿ ಬೇಳೆ ಇಟ್ಟರೆ ಆವಿ ಕಟ್ಟುವ ಮೊದಲೇ ತಳ ಹಿಡಿಯುತ್ತದೆ. 6 ಸಾಕು. ಒಲೆ ಕುಕ್ಕರನ್ನು ಗುರುತಿಸದಿದ್ದರೆ ಅದು ದೊಡ್ಡ ವೃತ್ತದ ಮೇಲಿರಬಹುದು, ಚಿಕ್ಕದಕ್ಕೆ ಸರಿಸಿ.

ಇನ್ನೊಂದು ತಕರಾರು ಕುಕ್ಕರಿನದಲ್ಲ, ನೀರಿನದು. ಕರಾವಳಿಯ ಬಾವಿಯ ಮೆದು ನೀರಿಗೆ ಒಗ್ಗಿದವರು ಮ್ಯೂನಿಕ್, ಬರ್ಲಿನ್‌ಗಳ ಗಡಸು ನೀರಲ್ಲಿ ತೊಗರಿಬೇಳೆ ಬೇಯಿಸಿ, ಎಂಟು ವಿಶಲ್ ಆದರೂ ಕಾಳುಕಾಳಾಗಿದೆ ಎಂದು ಕುಕ್ಕರನ್ನು ಬೈಯುತ್ತಾರೆ. ನೀರಿನ ಸುಣ್ಣದಂಶ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿ. ಹುಣಸೆ ಹುಳಿಯನ್ನು ಬೇಳೆ ಬೆಂದ ಮೇಲೆಯೇ ಸೇರಿಸಿ. ಒಳಗೆ ಕೂತ ಬಿಳಿ ಪದರಕ್ಕೆ ನೀರು ಬೆರೆಸಿದ ವಿನೆಗರ್ ಹಾಕಿ, ಮುಚ್ಚದೆ ಹತ್ತು ನಿಮಿಷ ಕುದಿಸಿದರೆ ಬಿಡುತ್ತದೆ.

ದೂರುಗಳೂ ಇವೆ. ಮುಚ್ಚಳವನ್ನು ಓರೆಯಾಗಿ ಒಳಗಿಳಿಸಿ ತಿರುಗಿಸುವ ಕೈಚಳಕ ಬರಲು ಒಂದು ವಾರ ಬೇಕು, ಹೊರಡುವ ಮೊದಲೇ ಮನೆಯಲ್ಲಿ ಕಲಿಯಿರಿ. ಬಾಯಿ ಸಣ್ಣದು, ತೊಳೆಯಲು ಕಿರಿಕಿರಿ. ಸದ್ದಂತೂ ವಿಪರೀತ: ಹಿಂದೆಂದೂ ವಿಶಲ್ ಕೇಳಿರದ ಸಹವಾಸಿಗಳು ಬೆಚ್ಚಿಬೀಳುತ್ತಾರೆ. ರಾತ್ರಿ 10ರ ನಂತರ ಅಲ್ಲಿ ಗದ್ದಲ ಮಾಡದ ಹೊತ್ತು, ಸಾರನ್ನು ಅದಕ್ಕೆ ಮೊದಲೇ ಇಟ್ಟು ಮುಗಿಸಿ. ಒಣಮೆಣಸಿನ ಒಗ್ಗರಣೆಗೆ ಕಿಟಕಿ ತೆರೆದಿರಲಿ. ಹೊಗೆಗೆ ಅಲಾರಂ ಕೂಗಿದರೆ ಕೆಳಗೆ ಅಗ್ನಿಶಾಮಕದವರು ಬಂದು ನಿಂತರೂ ನಿಂತಾರು.

ಬಿಡಿಭಾಗ ಮಾತ್ರ ಮರೆಯಲೇಬಾರದು. ಅದೇ ಮಾದರಿಯ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ಇಲ್ಲಿಂದಲೇ ಒಯ್ಯಿರಿ. ನೀರು ಬತ್ತಿದರೆ ವಾಲ್ವಿನೊಳಗಿನ ಲೋಹ ಕರಗಿ ಆವಿ ಹೊರಹೋಗುತ್ತದೆ. ಅದು ಅದರ ಕೆಲಸವೇ, ಆದರೆ ಹೊಸದು ಹಾಕುವ ತನಕ ಕುಕ್ಕರ್ ಬರೀ ಡಬರಿ.

ಕುಕ್ಕರ್ ಬದಲು ಇಲ್ಲಿನ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಒಯ್ಯಬಹುದೇ? ಜರ್ಮನಿಯಲ್ಲೂ 230 ವೋಲ್ಟ್, ನಡೆಯುತ್ತದೆ. ನಮ್ಮ ಪಿನ್ನಿಗೆ ಅಡಾಪ್ಟರ್ ಬೇಕಷ್ಟೆ. ಅಮೆರಿಕಕ್ಕಾದರೆ ಬೇಡವೇ ಬೇಡ. ಅಲ್ಲಿನ 120 ವೋಲ್ಟಿನಲ್ಲಿ 500 ವಾಟಿನದು ಸುಮಾರು 136 ವಾಟಿಗೆ ಇಳಿಯುತ್ತದೆ, ಅಕ್ಕಿ ನೆನೆದೀತೇ ಹೊರತು ಬೇಯದು.

ಕುಕ್ಕರನ್ನು ಚೆಕ್‌-ಇನ್ ಸೂಟ್‌ಕೇಸಿನಲ್ಲೇ ಇಡಿ. ಒಳಗಿನ ಜಾಗಕ್ಕೆ ಸಾರಿನ ಪುಡಿ, ಬ್ಯಾಡಗಿ ಮೆಣಸು ತುಂಬಬಹುದು. ತುಪ್ಪ ಬೇಡ, ಹೊರಗಿನಿಂದ ಬರುವವರು ಹಾಲಿನ ಉತ್ಪನ್ನ ತರುವುದನ್ನು ಯುರೋಪಿಯನ್ ಒಕ್ಕೂಟ ಒಪ್ಪುವುದಿಲ್ಲ. ಒಣಕೊಬ್ಬರಿಯೂ ಬೇಡ, ತಾನಾಗಿ ಬಿಸಿಯೇರುವ ವಸ್ತುವೆಂದು ವಿಮಾನದವರು ತೆಗೆಸುತ್ತಾರೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಂಗಳೂರು ಅಥವಾ ಮುಂಬೈಗೆ ಬೇರೆ ಟಿಕೆಟ್ ಮಾಡಿಸಿದ್ದರೆ ಆ ಹಾರಾಟಕ್ಕೆ ಸಾಮಾನ್ಯವಾಗಿ 15 ಕೆಜಿಯಷ್ಟೇ ಮಿತಿ. ಅಕ್ಕಿಯ ಗಂಟು ಹೊರುವುದು ಬೇಡ. ಅಲ್ಲಿನ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತದೆ, ಕಾಳು ತುಸು ದಪ್ಪ, ನೀರಿನ ಲೆಕ್ಕ ಅದೇ.