ಗಮಕವನ್ನು ಕಣ್ಣಿಗೆ ಕಾಣಿಸುವ ಸೋನಿಕ್ ವಿಶುವಲೈಸರ್

ಕ್ಯಾಲಿಫೋರ್ನಿಯದ ಆನಹೈಮ್‌ನಲ್ಲಿ ನಡೆಯುವ ನ್ಯಾಮ್ ಸಂಗೀತೋಪಕರಣ ಮೇಳವಾಗಲಿ, ಮುಂಬೈಯ ಪಾಮ್ ಎಕ್ಸ್‌ಪೋ ಆಗಲಿ, ಜನ ಮುಗಿಬೀಳುವುದು ಮಿಕ್ಸರ್, ಸ್ಪೀಕರ್, ಸಿಂಥಸೈಜರ್‌ಗಳ ಮಳಿಗೆಗಳ ಮುಂದೆಯೇ. ಮಾರಾಟಕ್ಕೇ ಇಲ್ಲದ ತಂತ್ರಾಂಶದ ಪರವಾಗಿ ಅಲ್ಲಿ ಮಳಿಗೆ ಹಾಕುವವರು ಯಾರು? ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಡಿಜಿಟಲ್ ಸಂಗೀತ ಕೇಂದ್ರದಲ್ಲಿ ರೂಪುಗೊಂಡ ಸೋನಿಕ್ ವಿಶುವಲೈಸರ್ ಅಂಥದೊಂದು ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ ಇದು ಮುಕ್ತ ಪರವಾನಗಿಯಡಿ ಉಚಿತವಾಗಿ ದೊರೆಯುತ್ತದೆ. ಕರ್ನಾಟಕ ಸಂಗೀತವನ್ನು ಕಲಿಯುವವರಿಗೂ ಕಲಿಸುವವರಿಗೂ ಇದಕ್ಕಿಂತ ಉಪಯುಕ್ತವಾದ ಇನ್ನೊಂದು ತಂತ್ರಾಂಶವನ್ನು ನಾನು ಬಳಸಿಲ್ಲ.

ಧ್ವನಿಯನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಬೇರೆ ತಂತ್ರಾಂಶಗಳಿವೆ. ಧ್ವನಿಮುದ್ರಿಕೆಯೊಳಗೆ ಏನೇನಿದೆ ಎಂಬುದನ್ನು ಪದರ ಪದರವಾಗಿ ತೋರಿಸುವುದು ಇದರ ಕೆಲಸ. ವ್ಯಾಂಪ್ ಎಂಬ ಪ್ಲಗಿನ್‌ಗಳನ್ನು, ಅಂದರೆ ಪುಟ್ಟ ಪೂರಕ ತಂತ್ರಾಂಶಗಳನ್ನು, ಸೇರಿಸಿಕೊಂಡು, ಅವುಗಳಲ್ಲಿ ಪಿ-ಯಿನ್ ಎಂಬುದನ್ನು ಆರಿಸಿದರೆ, ಹಾಡುವ ದನಿ ಏರಿಳಿದ ಹಾದಿಯೆಲ್ಲ, ಸ್ವರವನ್ನು ಅಲುಗಿಸುವ ಗಮಕವೂ ಸೇರಿ, ಒಂದು ಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ.

ನಾನು ಮೊದಲು ತೆರೆದದ್ದು ತೋಡಿ ರಾಗದ ಒಂದು ಆಲಾಪನೆಯನ್ನು. ಗಾಯಕಿಯ ಶ್ರುತಿ ಐದೂವರೆ, ಅಂದರೆ ಆಧಾರಸ್ವರವಾದ ಷಡ್ಜ (ಸ) ಸುಮಾರು 208 ಹರ್ಟ್ಸ್. ಆ ಲೆಕ್ಕದಲ್ಲಿ ತೋಡಿಯ ಗಾಂಧಾರದ, ಅಂದರೆ ‘ಸಾಧಾರಣ ಗಾಂಧಾರ’ ಎಂಬ ಸ್ವರದ ಸ್ಥಾನ 249ರ ಆಸುಪಾಸು. ಗೆರೆ ಅಲ್ಲಿ ನಿಲ್ಲಲೇ ಇಲ್ಲ. ರಿಷಭದ 221ರ ಬಳಿಯಿಂದ ಎದ್ದು, ಮಧ್ಯಮದ 277ರ ಅಂಚಿಗೆ ಹೋಗಿ, ಮತ್ತೆ ಕೆಳಕ್ಕೆ ಜಾರಿ, ಜೋಕಾಲಿಯಂತೆ ತೂಗುತ್ತಲೇ ಇತ್ತು. ತೋಡಿಯ ಗಾಂಧಾರವನ್ನು ಅಲ್ಲಾಡಿಸಿ ಹಾಡಬೇಕೆಂದು ಪಾಠದಲ್ಲಿ ಎಷ್ಟೋ ಸಲ ಕೇಳಿದ್ದರೂ, ಎಲ್ಲಿಂದ ಎಲ್ಲಿಗೆ, ಯಾವ ವೇಗದಲ್ಲಿ ಎಂಬುದು ನನಗೆ ಸ್ಪಷ್ಟವಾಗಿದ್ದು ಆ ದಿನವೇ. ಕೆಳಗಿನ ಬಲಮೂಲೆಯ ಗುಂಡಿಯನ್ನು ತಿರುಗಿಸಿ ವೇಗವನ್ನು ಅರ್ಧಕ್ಕೆ ಇಳಿಸಿದರೂ ಶ್ರುತಿ ಕದಲುವುದಿಲ್ಲವಾದ್ದರಿಂದ, ಆ ಒಂದು ತೂಗಾಟವನ್ನೇ ಹತ್ತಾರು ಸಲ ಕೇಳುತ್ತ, ನೋಡುತ್ತ, ಜೊತೆಗೆ ಹಾಡುತ್ತ ಕೂತಿದ್ದೆ.

ಇತಿಮಿತಿಗಳೂ ಇವೆ. ಪಿ-ಯಿನ್ ಒಂಟಿ ದನಿಗೆಂದು ರಚಿತವಾದದ್ದು. ಪಿಟೀಲು, ಮೃದಂಗ ಕೂಡಿದ ಕಚೇರಿಯ ಮುದ್ರಿಕೆಗೆ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಿಂದ ಬಂದ ಮೆಲೋಡಿಯಾ ಪ್ಲಗಿನ್ ಹೆಚ್ಚು ಸೂಕ್ತ. ಸ್ವರಗಳ ಹೆಸರು ಪಾಶ್ಚಾತ್ಯ ಪದ್ಧತಿಯಲ್ಲೇ ಇರುವುದರಿಂದ, ನಮ್ಮ ಷಡ್ಜ ಯಾವ ಗೆರೆಯ ಮೇಲಿದೆ ಎಂಬುದನ್ನು ನಾವೇ ಗುರುತಿಸಿಕೊಳ್ಳಬೇಕು. ಪರದೆಯ ವಿನ್ಯಾಸ ಸಂಶೋಧಕರಿಗೆ ಒಗ್ಗುವಂಥದು. ಮೊದಲ ಒಂದೆರಡು ದಿನ ಪದರಗಳ ನಡುವೆ ದಾರಿ ತಪ್ಪುವುದು ಸಹಜ, ಅಷ್ಟಕ್ಕೇ ಕೈಬಿಡಬಾರದೆಂದು ಕೇಳಿಕೊಳ್ಳುತ್ತೇನೆ.

ಸ್ವಂತ ಅಭ್ಯಾಸವನ್ನು ಪರೀಕ್ಷಿಸಿಕೊಳ್ಳಬೇಕೆನ್ನುವವರು ತಂಬೂರಿಯ ನಾದವನ್ನು ಇಯರ್‌ಫೋನಿನಲ್ಲಿ ಮಾತ್ರ ಕೇಳುತ್ತ, ಫ್ಯಾನ್ ಆರಿಸಿ, ಮೊಬೈಲಿನಲ್ಲಿ ಹಾಡನ್ನು ಮುದ್ರಿಸಿಕೊಳ್ಳಲಿ. ದನಿಯೊಂದೇ ದಾಖಲಾಗಿ, ಗೆರೆ ಸ್ಪಷ್ಟವಾಗಿ ಮೂಡುತ್ತದೆ.