ಒಂದೇ ಜಲಪಾತ, ಎರಡು ದಡ: ಗ್ರೇಟ್ ಫಾಲ್ಸ್‌ಗೆ ಯಾವ ಕಡೆಯಿಂದ ಹೋಗೋದು?

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಇದ್ದಷ್ಟು ವರ್ಷ ನಮ್ಮ ಭಾನುವಾರ ಒಂದೇ ಥರ ಇರುತ್ತಿತ್ತು. ಫ್ಲಾಸ್ಕ್ ತುಂಬ ಟೀ, ಒಂದು ಡಬ್ಬಿಯಲ್ಲಿ ಚೀಸ್ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ಚಿತ್ರಾನ್ನ. ಮನೆ ಬೀಗ ಹಾಕಿ ಹತ್ತು ನಿಮಿಷ ನಡೆದರೆ ಗ್ರ್ಯಾಂಡ್ ಯೂನಿಯನ್ ಕಾಲುವೆ. ಮಕ್ಕಳಿಬ್ಬರೂ ಹುಟ್ಟಿದ್ದು ಅಲ್ಲೇ, ಅವರ ಪಾಸ್‌ಪೋರ್ಟೂ ಬ್ರಿಟನ್ನಿನದ್ದೇ. ನಮ್ಮವರ ಕೆಲಸಕ್ಕೆ ಅಂತ ಅಮೆರಿಕದ ವರ್ಜೀನಿಯಾಕ್ಕೆ ಬಂದ ಮೇಲೆ ಮಗಳು ವಾರ ವಾರವೂ ಕೇಳುತ್ತಿದ್ದಳು, "ಇಲ್ಲಿ ವಾಕ್ ಹೋಗೋದು ಎಲ್ಲಿಗೆ?"

ಉತ್ತರ ಸುಲಭ ಇರಲಿಲ್ಲ. ಇಂಗ್ಲೆಂಡಿನಲ್ಲಿ ಬೇರೆಯವರ ಹೊಲದ ನಡುವೆಯೂ ಸಾರ್ವಜನಿಕ ಕಾಲುದಾರಿ ಇರುತ್ತದೆ. ಗೇಟು ತೆಗೆದು, ಕುರಿಗಳ ಪಕ್ಕದಲ್ಲೇ ನಡೆದು, ಮತ್ತೆ ಗೇಟು ಹಾಕಿ ಮುಂದೆ ಹೋಗಬಹುದು. ಅಲ್ಲಿ ನಡೆಯೋದು ಕಾನೂನು ಕೊಟ್ಟ ಹಕ್ಕು. ಇಲ್ಲಿ ನಮ್ಮ ಬಡಾವಣೆಯ ಫುಟ್‌ಪಾತ್ ದೊಡ್ಡ ರಸ್ತೆ ಬರುವ ಮೊದಲೇ ನಿಂತುಹೋಗುತ್ತದೆ. ನಡೆಯಬೇಕು ಅಂದರೆ ಮೊದಲು ಕಾರು ಹತ್ತಬೇಕು.

ಹಾಗೆ ಕಾರು ಹತ್ತಿ ನಾವು ಜಾಸ್ತಿ ಹೋಗಿರುವುದು ಪೊಟೊಮ್ಯಾಕ್ ನದಿಯ ಗ್ರೇಟ್ ಫಾಲ್ಸ್‌ಗೆ. ಜಲಪಾತ ಒಂದೇ, ಪಾರ್ಕು ಎರಡು. ಈಚೆ ದಡದಲ್ಲಿ ವರ್ಜೀನಿಯಾದ ಗ್ರೇಟ್ ಫಾಲ್ಸ್ ಪಾರ್ಕ್, ಆಚೆ ದಡದಲ್ಲಿ ಮೇರಿಲ್ಯಾಂಡಿನ ಸಿ ಆ್ಯಂಡ್ ಓ (ಚೆಸಪೀಕ್ ಆ್ಯಂಡ್ ಓಹಾಯೋ) ಕಾಲುವೆ ಪಾರ್ಕ್. ಎರಡೂ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿವೆ. ನಾವು ಕೊಟ್ಟಿದ್ದು ಕಾರಿಗೆ 20 ಡಾಲರ್, ಆ ಚೀಟಿ 7 ದಿನ ಎರಡೂ ಕಡೆ ನಡೆಯುತ್ತದೆ. ಆದರೆ ಜಲಪಾತದ ಹತ್ತಿರ ನದಿ ದಾಟೋಕೆ ಸೇತುವೆ ಇಲ್ಲ. ಎದುರು ದಡದ ಜನ ಕಣ್ಣಿಗೆ ಕಾಣುತ್ತಾರೆ, ಅಲ್ಲಿಗೆ ಹೋಗೋಕೆ ಬೆಲ್ಟ್‌ವೇ ಹೆದ್ದಾರಿ ಸುತ್ತಿಕೊಂಡು ಅರ್ಧ ಗಂಟೆ ಬೇಕು. ಹಾಗಾಗಿ ಯಾವ ಕಡೆ ಅನ್ನೋದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಬೇಕು.

ಬರೀ ಜಲಪಾತ ನೋಡಬೇಕು ಅಂದರೆ ವರ್ಜೀನಿಯಾ ಕಡೆಯೇ ಸರಿ. ಕಾರು ನಿಲ್ಲಿಸಿ ಐದು ನಿಮಿಷ ನಡೆದರೆ ಸಾಕು, ಇಡೀ ನದಿ ಎದುರಿಗೆ ಬಂದು ನಿಲ್ಲುತ್ತದೆ. ನೋಡೋಕೆ ಮೂರು ಕಟ್ಟೆಗಳಿವೆ, ಅದರಲ್ಲಿ ಎರಡಕ್ಕೆ ಗಾಲಿಕುರ್ಚಿಯೂ ಹೋಗುತ್ತದೆ. ಮಂಡಿನೋವಿರುವ ನಮ್ಮಮ್ಮ ಮಳವಳ್ಳಿಯಿಂದ ಬಂದಾಗ ಮೊದಲು ಕರೆದುಕೊಂಡು ಹೋಗಿದ್ದು ಇಲ್ಲಿಗೇ. ಅಮ್ಮ ತುಂಬಾ ಹೊತ್ತು ಕಂಬಿ ಹಿಡಿದು ನಿಂತಿದ್ದರು. "ಗಗನಚುಕ್ಕಿ ಥರ ದುಡುಮ್ಮಂತ ಬೀಳಲ್ಲ ಕಣೇ ಇದು. ಬಂಡೆ ಬಂಡೆಗೂ ಹಾಯ್ಕೊಂಡು ಇಳಿಯುತ್ತೆ" ಅಂದರು. ಸರಿಯಾಗಿ ಹೇಳಿದರು. ನೀರು ಒಂದು ಮೈಲಿಗೂ ಕಡಿಮೆ ದೂರದಲ್ಲಿ ಹಂತ ಹಂತವಾಗಿ 76 ಅಡಿ ಇಳಿಯುತ್ತದೆ. ಪಕ್ಕದಲ್ಲೇ ಒಂದು ಕಂಬ ಇದೆ. ಯಾವ ವರ್ಷದ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಅದರ ಮೇಲೆ ಗುರುತು ಹಾಕಿದ್ದಾರೆ. 1936ರ ಗುರುತು ನೋಡೋಕೆ ಕತ್ತೆತ್ತಬೇಕು. ನಿಂತಿರೋದೇ ನದಿಗಿಂತ ಅಷ್ಟು ಎತ್ತರದಲ್ಲಿ, ನೆನಪಿರಲಿ.

ಊಟಕ್ಕೂ ವರ್ಜೀನಿಯಾ ಕಡೆ ಅನುಕೂಲ ಜಾಸ್ತಿ. ಮರಗಳ ಕೆಳಗೆ ಮೇಜುಗಳಿವೆ, ಒಲೆಗಳೂ ಇವೆ. ಹವಾ ಚೆನ್ನಾಗಿರುವ ಶನಿವಾರ, ಭಾನುವಾರ ಮಾತ್ರ ಬೆಳಿಗ್ಗೆ ಹತ್ತರೊಳಗೆ ಗೇಟು ದಾಟಿಬಿಡಿ. ಆಮೇಲೆ ಕಾರುಗಳ ಸಾಲು ಬೆಳೆಯುತ್ತದೆ. ಬೇಗ ಹೊರಡೋಕೆ ನಮ್ಮ ಮನೆಯಲ್ಲಿ ಫ್ಲಾಸ್ಕಿನ ಟೀಗೆ ನೀರು ಕಾಯಿಸೋ ಕರೆಂಟ್ ಕೆಟಲ್ಲೇ ಅಡ್ಡಿ. ಇಂಗ್ಲೆಂಡಿನ 230 ವೋಲ್ಟ್‌ನಲ್ಲಿ 3 ಕಿಲೋವ್ಯಾಟ್ ಕೆಟಲ್ ಕಣ್ಮುಚ್ಚಿ ಬಿಡೋದರೊಳಗೆ ನೀರು ಕುದಿಸುತ್ತಿತ್ತು. ಇಲ್ಲಿನ 120 ವೋಲ್ಟ್‌ನಲ್ಲಿ ಅದರ ಅರ್ಧ ಶಕ್ತಿ, ಸಮಯ ಎರಡರಷ್ಟು.

ಇದೇ ಕಡೆ ಜಾರ್ಜ್ ವಾಷಿಂಗ್ಟನ್ ಶುರುಮಾಡಿಸಿದ ಪೊಟೊಮ್ಯಾಕ್ ಕಾಲುವೆಯ ಅವಶೇಷ ಇದೆ. ಅದರ ಕಂಪನಿ ಹುಟ್ಟಿದ್ದು 1785ರಲ್ಲಿ, ಇಲ್ಲಿನ ಕೆಲಸ ಮುಗಿದಿದ್ದು 1802ರಲ್ಲಿ. ಜಲಪಾತ ತಪ್ಪಿಸಿ ದೋಣಿ ಇಳಿಸೋಕೆ ಸಿಡಿಮದ್ದು ಹಾಕಿ ಬಂಡೆ ಸೀಳಿದ್ದಾರೆ. ವಾಷಿಂಗ್ಟನ್ 1799ರಲ್ಲೇ ತೀರಿಕೊಂಡರು, ಮುಗಿದಿದ್ದನ್ನು ನೋಡಲಿಲ್ಲ. ಈಗ ಪಾಚಿ ಹಿಡಿದ ಕಲ್ಲುಗೋಡೆಗಳು, ನಡುವೆ ಮರಗಳು. ನನಗೆ ಇಷ್ಟವಾಯಿತು, ಮಕ್ಕಳಿಗೆ ಅಷ್ಟಕ್ಕಷ್ಟೆ.

ಮೇರಿಲ್ಯಾಂಡ್ ಕಡೆ ಕಥೆಯೇ ಬೇರೆ. ಮೊದಲ ಸಲ ಕಾರು ಇಳಿದಾಗ ಜಲಪಾತ ಕಾಣಲೇ ಇಲ್ಲ. ಕಂಡಿದ್ದು ನಿಂತ ನೀರಿನ ಕಾಲುವೆ, ಅದರ ಪಕ್ಕ ಮಟ್ಟಸವಾದ ಮಣ್ಣುದಾರಿ, ಹಳೆಯ ಗ್ರೇಟ್ ಫಾಲ್ಸ್ ಟ್ಯಾವರ್ನ್ (ತಂಗುಮನೆ) ಕಟ್ಟಡ, ಮುಂದೆ 20ನೇ ನಂಬರಿನ ಲಾಕ್, ಅಂದರೆ ಒಳಗಿನ ನೀರು ಏರಿಸಿ ಇಳಿಸಿ ದೋಣಿಯನ್ನು ಮೇಲಕ್ಕೆ ಕೆಳಕ್ಕೆ ದಾಟಿಸುವ ಬಾಗಿಲಿನ ತೊಟ್ಟಿ. ಮಗಳು ಓಡಿಹೋಗಿ ಲಾಕ್ ಗೇಟಿನ ಉದ್ದನೆಯ ಮರದ ತೊಲೆ ಮೇಲೆ ಎರಡೂ ಕೈ ಇಟ್ಟಳು. "ಫೆನ್ನಿ ಥರಾನೇ ಇದೆ!" ಮಿಲ್ಟನ್ ಕೀನ್ಸ್ ಹತ್ತಿರದ ಫೆನ್ನಿ ಸ್ಟ್ರಾಟ್‌ಫರ್ಡ್ ಲಾಕ್ ಬಗ್ಗೆ ಅವಳು ಹೇಳಿದ್ದು. ಅದು ದೋಣಿಯನ್ನು ಎತ್ತುವುದು ಬರೀ ಒಂದು ಅಡಿಯಷ್ಟು. ಇಲ್ಲಿಯದು ಅದಕ್ಕಿಂತ ಎಷ್ಟೋ ಆಳ. ಕೆಲಸ ಮಾತ್ರ ಒಂದೇ ಥರ. ಎರಡು ಬಾಗಿಲು ಹರಿವಿಗೆ ಎದುರಾಗಿ ಕೋನದಲ್ಲಿ ಕೂಡುತ್ತವೆ. ಮೇಲಿನ ನೀರು ತಳ್ಳಿದಷ್ಟೂ ಬಾಗಿಲು ಬಿಗಿಯಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಅವಳೇ, ಏಳು ವರ್ಷದವಳಿದ್ದಾಗ.

ಈ ಕಾಲುವೆ ಶುರುವಾಗಿದ್ದು 1828ರಲ್ಲಿ. 1850ಕ್ಕೆ ಮೇರಿಲ್ಯಾಂಡಿನ ಕಂಬರ್ಲ್ಯಾಂಡ್ ಊರು ಮುಟ್ಟಿತು, ಒಟ್ಟು 184.5 ಮೈಲಿ. 1924ರ ನೆರೆಯ ನಂತರ ದೋಣಿ ಸಾಗಾಟ ನಿಂತೇ ಹೋಯಿತು. ಮುಂದೆ ಇದರ ಜಾಗದಲ್ಲಿ ರಸ್ತೆ ಮಾಡುವ ಯೋಚನೆ ಬಂತು. 1954ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಅದನ್ನು ವಿರೋಧಿಸಿ ಈ ಇಡೀ ದಾರಿಯನ್ನು ನಡೆದರು. ಅದಕ್ಕೇ ಇವತ್ತು ನನ್ನ ಮಕ್ಕಳಿಗೆ ನಡೆಯೋಕೆ ಒಂದು ಕಾಲುವೆ ದಂಡೆ ಉಳಿದಿದೆ. ಆ ಮನುಷ್ಯನ ಮೇಲೆ ನನಗೆ ನಿಜಕ್ಕೂ ಗೌರವ.

ಇಲ್ಲಿಂದ ಜಲಪಾತ ನೋಡೋಕೆ ದಂಡೆ ಮೇಲೆ ಸ್ವಲ್ಪ ನಡೆದು, ಸೇತುವೆಗಳನ್ನು ದಾಟಿ ಓಲ್ಮ್‌ಸ್ಟೆಡ್ ದ್ವೀಪಕ್ಕೆ ಹೋಗಬೇಕು. ದಾರಿಯಲ್ಲಿ ಕಾಲ ಕೆಳಗೇ ನೀರು ಭೋರ್ಗರೆಯುತ್ತದೆ. ಆ ಸದ್ದು ವರ್ಜೀನಿಯಾ ಕಡೆ ಸಿಗಲ್ಲ. ನಾಯಿಗಳನ್ನು ಮಾತ್ರ ದ್ವೀಪಕ್ಕೆ ಬಿಡಲ್ಲ.

ಬಂಡೆ ಹತ್ತುವ ಹುಚ್ಚಿದ್ದವರಿಗೆ ಇದೇ ಕಡೆ ಬಿಲ್ಲಿ ಗೋಟ್ ಟ್ರೇಲ್ ಅನ್ನೋ ಕಾಲುದಾರಿ ಇದೆ. ಮೊದಲ ಭಾಗ 1.7 ಮೈಲಿ ಅಷ್ಟೇ. ಆದರೆ ಕೈ ಕಾಲು ಎರಡೂ ಬಳಸಬೇಕು, ನಮಗೆ ಮೂರು ಗಂಟೆ ಹಿಡಿಯಿತು. ಹತ್ತು ವರ್ಷದೊಳಗಿನ ಮಕ್ಕಳನ್ನು ನಾನಂತೂ ಕರೆದೊಯ್ಯಲ್ಲ. ವರ್ಜೀನಿಯಾದ ರಿವರ್ ಟ್ರೇಲ್‌ನಲ್ಲಿ ಅದೇ ಕಮರಿ ಕಾಣುತ್ತದೆ, ಕಷ್ಟ ಕಡಿಮೆ.

ಇಂಗ್ಲೆಂಡಿನಿಂದ ಬಂದವರಿಗೆ ಒಂದು ಮಾತು, ಎರಡೂ ದಡಕ್ಕೆ ಸೇರಿದ್ದು. ಅಲ್ಲಿ ತುರಿಕೆ ಗಿಡ ತಗುಲಿದರೆ ಆಗಲೇ ಉರಿಯುತ್ತದೆ. ಪಕ್ಕದಲ್ಲಿ ಡಾಕ್ ಎಲೆ ಸಿಗುತ್ತದೆ, ಉಜ್ಜಿಕೊಳ್ಳುತ್ತಾರೆ. ಇಲ್ಲಿನ ಪಾಯ್ಸನ್ ಐವಿ ಹಾಗಲ್ಲ. ಮಗ ಚೆಂಡು ತರೋಕೆ ದಂಡೆಯ ಪೊದೆಗೆ ನುಗ್ಗಿದ. ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಮೀನಖಂಡದ ಮೇಲೆ ಗೆರೆ ಎಳೆದ ಹಾಗೆ ನೀರುಗುಳ್ಳೆ ಎದ್ದವು. ಪಾಪ, ವಾರವಿಡೀ ನಿದ್ದೆ ಇಲ್ಲ. ಮೂರು ಎಲೆ ಒಟ್ಟಿಗೆ ಇರುವ ಗಿಡ ಮುಟ್ಟಬೇಡಿ. ಮುಟ್ಟಿದರೆ ಆಗಲೇ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ. ಇನ್ನು ನೀರಿಗೆ ಇಳಿಯೋ ಮಾತೇ ಬೇಡ. ನಿಯಮವೇ ಬಿಡಲ್ಲ, ಇಲ್ಲಿ ಮುಳುಗಿ ಸತ್ತವರಿದ್ದಾರೆ.

ನೆಂಟರು ಬಂದರೆ, ವಯಸ್ಸಾದವರಿದ್ದರೆ, ಎರಡೇ ಗಂಟೆ ಬಿಡುವಿದ್ದರೆ ನಾನು ವರ್ಜೀನಿಯಾ ಅನ್ನುತ್ತೇನೆ. ನಾವು ನಾಲ್ಕೇ ಜನ ಹೊರಟರೆ ಕಾರು ಮೇರಿಲ್ಯಾಂಡಿಗೇ ತಿರುಗುತ್ತದೆ. ಮುಂದಿನ ತಿಂಗಳು ಅಮ್ಮ ಮತ್ತೆ ಬರುತ್ತಾರೆ. ಈ ಸಲ ವರ್ಜೀನಿಯಾ ಕಡೆ ನೋಡಿಬಂದು, 7 ದಿನದೊಳಗೆ ಅದೇ ಚೀಟಿಯಲ್ಲಿ ಆಚೆ ದಡಕ್ಕೂ ಕರೆದೊಯ್ಯುವುದು ಅಂತ ಆಗಿದೆ. ಅಜ್ಜಿಗೆ ಲಾಕ್ ಹೇಗೆ ಕೆಲಸ ಮಾಡುತ್ತೆ ಅಂತ ಕನ್ನಡದಲ್ಲೇ ಹೇಳುತ್ತಾಳಂತೆ ಮಗಳು. ತೊಲೆಗೆ, ಒಡ್ಡಿಗೆ, ತೂಬಿಗೆ ಏನಂತಾರೆ ಅಂತ ನಿನ್ನೆಯಿಂದ ನನ್ನ ಹತ್ತಿರ ಕೇಳಿ ಬರೆದುಕೊಳ್ಳುತ್ತಿದ್ದಾಳೆ.