ಎರಡನೇ ಸರ ಮಾತ್ರ ಮಿಣುಕುವುದೇಕೆ? ಒಂದೊಂದೇ ಮದ್ದು ಮಾಡಿ ನೋಡಿದೆ

ನನ್ನ ಹತ್ತಿರ ಇರುವುದು 50 ಬಲ್ಬಿನ ಎರಡು ಸರ. ಒಂದೊಂದು ಬಲ್ಬಿಗೂ ಬೇರೆ ಬಣ್ಣ ಹೇಳಬಹುದಾದ ಜಾತಿಯವು, 12 ವೋಲ್ಟ್, ಒಳಗೆ ಡಬ್ಲ್ಯೂಎಸ್2811 ಚಿಪ್. ಒಂದು ಬಾಗಿಲ ಮೇಲೆ, ಇನ್ನೊಂದು ಕಾಂಪೌಂಡ್ ಗೋಡೆಯ ಮೇಲೆ. ನಡುವೆ 9 ಮೀಟರ್ ಖಾಲಿ. ಮೊದಲನೇ ಸರ ಹೇಳಿದ ಮಾತು ಕೇಳುತ್ತಿತ್ತು. ಎರಡನೆಯದಕ್ಕೆ ಏನೋ ಮೆಟ್ಟಿಕೊಂಡ ಹಾಗೆ. ಕೆಂಪು ಕೇಳಿದರೆ ಹಸಿರು ಕೊಡುತ್ತದೆ, ಎಲ್ಲ ಆರಿಸಿದರೂ ನಾಲ್ಕು ಬಲ್ಬು ಬೆಳ್ಳಗೆ ಉರಿಯುತ್ತಿರುತ್ತವೆ.

ಯಾರನ್ನು ಕೇಳಿದರೂ ಮೊದಲು ಹೇಳುವುದು ಲೆವೆಲ್ ಶಿಫ್ಟರ್ ಹಾಕಿ ಅಂತ. ನಾನೂ ಹಾಕಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. ಆಮೇಲೆ ಕೂತು ಯೋಚಿಸಿದಾಗ ನನ್ನ ಮೇಲೇ ನಗು ಬಂತು. ಇಎಸ್‌ಪಿ32 ಅನ್ನುವುದು ಸರಕ್ಕೆ ಆಜ್ಞೆ ಕಳಿಸುವ ಕಂಟ್ರೋಲರ್, ಅದು ಹೊರಗೆ ಬಿಡುವುದು 3.3 ವೋಲ್ಟ್, ಚಿಪ್ಪಿಗೆ ಬೇಕಾದದ್ದು 5ರ ಹತ್ತಿರ. ಅದನ್ನು ಏರಿಸುವುದಷ್ಟೇ ಲೆವೆಲ್ ಶಿಫ್ಟರಿನ ಕೆಲಸ. ಆದರೆ ಈ ಸರಗಳಲ್ಲಿ ಪ್ರತಿ ಬಲ್ಬೂ ತನ್ನ ಪಾಲಿನ 24 ಬಿಟ್ ಬಣ್ಣದ ಮಾಹಿತಿ ಇಟ್ಟುಕೊಂಡು, ಉಳಿದದ್ದನ್ನು ಹೊಸದಾಗಿ ತಯಾರಿಸಿ ಮುಂದಕ್ಕೆ ಕಳಿಸುತ್ತದೆ. ಐವತ್ತನೇ ಬಲ್ಬು ಸರಿಯಾಗಿ ಉರಿಯುತ್ತಿದೆ ಅಂದರೆ ಅಲ್ಲಿಯ ತನಕ ಸಂಕೇತ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಕೊನೆಯ ಒಳ್ಳೆ ಬಲ್ಬಿಗೂ ಮೊದಲ ಕೆಟ್ಟ ಬಲ್ಬಿಗೂ ನಡುವೆ. ಅದನ್ನು ಬಿಟ್ಟು ಕಂಟ್ರೋಲರ್ ಹತ್ತಿರ ಏನು ಮಾಡಿದರೂ ಸುಮ್ನೆ ಶ್ರಮ.

ಹಾಗಾಗಿ ಯಾವ ಮದ್ದಿಗೂ ಮುಂಚೆ ಒಂದು ಪರೀಕ್ಷೆ ಮಾಡಿ. ಎರಡನೇ ಸರವನ್ನು ಬಿಚ್ಚಿ ತಂದು, ನಡುವಿನ ಕೇಬಲ್ ಇಲ್ಲದೆ ಮೊದಲನೆಯದಕ್ಕೆ ನೇರವಾಗಿ ಜೋಡಿಸಿ. ಸರಿಯಾಗಿ ಉರಿದರೆ ತಪ್ಪು ಕೇಬಲ್ಲಿನದು. ಆಗಲೂ ಕುಣಿದರೆ ಎರಡನೇ ಸರವನ್ನು ಕಂಟ್ರೋಲರಿಗೇ ಹಾಕಿ. ಅಲ್ಲಿ ಸರಿ ಇದ್ದರೆ ಮೊದಲ ಸರದ ಕೊನೆಯ ಬಲ್ಬಿನ ಹೊರದಾರಿ ಸತ್ತಿದೆ ಅಂತ. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ, ಯಾಕೆಂದರೆ ಆ ಬಲ್ಬು ತಾನು ಮಾತ್ರ ಚೆಂದವಾಗಿ ಉರಿಯುತ್ತಲೇ ಇರುತ್ತದೆ. ಕನೆಕ್ಟರಿನಲ್ಲಿ ತಂತಿಗಳ ಕ್ರಮವನ್ನೂ ಒಮ್ಮೆ ನೋಡಿ. ತಂತಿಯ ಬಣ್ಣವನ್ನು ನಂಬಬೇಡಿ. ಒಬ್ಬೊಬ್ಬರು ಒಂದೊಂದು ಬಣ್ಣ ಹಾಕಿರುತ್ತಾರೆ.

ನನ್ನದು ಕೇಬಲ್ಲಿನ ತಪ್ಪೇ ಆಗಿತ್ತು. ಅಲ್ಲಿಂದ ಶುರುವಾಯಿತು ಪ್ರಯೋಗ.

ಮೊದಲು ಗ್ರೌಂಡ್, ಅಂದರೆ ನೆಗೆಟಿವ್ ತಂತಿ. ಎರಡನೇ ಸರಕ್ಕೆ ಬೇರೆ ಪವರ್ ಸಪ್ಲೈ ಇತ್ತು, ಅದಕ್ಕೇ ನಾನು ಸಂಕೇತ ಹೋಗುವ ಡೇಟಾ ತಂತಿ ಒಂದನ್ನೇ ಎಳೆದಿದ್ದೆ. ಕರೆಂಟ್ ಅಲ್ಲೇ ಇದೆಯಲ್ಲ, ಇನ್ನೇಕೆ ತಂತಿ ಅಂತ ಜಾಣತನ! ಆದರೆ ಡೇಟಾ 5 ವೋಲ್ಟ್ ಅಂದರೆ ಯಾವುದಕ್ಕಿಂತ 5 ವೋಲ್ಟ್ ಜಾಸ್ತಿ? ನೆಗೆಟಿವ್ ತಂತಿಗಿಂತ. ಎರಡು ಸಪ್ಲೈಗಳ ನೆಗೆಟಿವ್ ಸೇರದಿದ್ದರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ನೆಗೆಟಿವ್ ಎರಡನ್ನೂ ಸೇರಿಸಿದೆ. ಪಾಸಿಟಿವ್ ಸೇರಿಸಲಿಲ್ಲ, ನೀವೂ ಸೇರಿಸಬೇಡಿ. ಮುಕ್ಕಾಲು ಪಾಲು ಹುಚ್ಚು ಅಲ್ಲಿಗೇ ಇಳಿಯಿತು. ಇನ್ನೊಂದು ಸುಳಿವು ಹೇಳಿಬಿಡುತ್ತೇನೆ. ಎಲ್ಲ ಬಲ್ಬನ್ನೂ ಪೂರ್ತಿ ಬಿಳಿ ಮಾಡಿದಾಗ ಮಾತ್ರ ಮಿಣುಕಿದರೆ ಪವರ್ ಅಥವಾ ಗ್ರೌಂಡ್ ಮೇಲೆ ಅನುಮಾನ ಇಡಿ. ಮಂಕಾಗಿ ಉರಿಸಿದಾಗಲೂ ಮಿಣುಕಿದರೆ ಡೇಟಾ ಮೇಲೆ.

ನನ್ನದು ಈಗ ಎರಡನೇ ಬಗೆಯದು. ಐದು ನಿಮಿಷಕ್ಕೊಮ್ಮೆ ಒಂದು ಸಣ್ಣ ಮಿಂಚು.

ಆಮೇಲೆ ಡೇಟಾ ತಂತಿಯಲ್ಲಿ ರೆಸಿಸ್ಟರ್. ಕೈಗೆ ಸಿಕ್ಕಿದ 470 ಓಮ್ ಹಾಕಿದೆ, ಇನ್ನೂ ಕೆಟ್ಟಿತು. ಯಾಕೆ ಅಂತ ಲೆಕ್ಕ ಹಾಕಿದೆ. ಕೇಬಲ್ ಮೀಟರಿಗೆ 50ರಿಂದ 100 ಪಿಕೊಫ್ಯಾರಡ್‌ನಷ್ಟು ಚಾರ್ಜ್ ಹಿಡಿಯುತ್ತದೆ. 9 ಮೀಟರಿಗೆ ಸುಮಾರು 800 ಅಂದುಕೊಳ್ಳಿ. ಅದನ್ನು 470 ಓಮ್ ಮೂಲಕ ತುಂಬಿಸಲು 0.4 ಮೈಕ್ರೋಸೆಕೆಂಡಿನ ಹತ್ತಿರ ಬೇಕು. ಈ ಚಿಪ್‌ಗಳಲ್ಲಿ ‘ಸೊನ್ನೆ’ ಅನ್ನುವ ಪಲ್ಸ್ (ಕ್ಷಣಕಾಲ ವೋಲ್ಟೇಜ್ ಏರಿ ಇಳಿಯುವುದು) ಇರುವುದೇ ಅಷ್ಟು ಅಥವಾ ಅದಕ್ಕಿಂತ ಕಡಿಮೆ. ಪಲ್ಸ್ ಮೇಲೇಳುವ ಮೊದಲೇ ಮುಗಿದುಹೋಗುತ್ತದೆ. 100 ಓಮ್ ಹಾಕಿದಾಗ ಮಿಂಚು ತುಂಬ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ರೆಸಿಸ್ಟರನ್ನು ಕಳಿಸುವ ಬಲ್ಬಿನ ಪಕ್ಕದಲ್ಲೇ ಹಾಕಬೇಕು. ತಂತಿಯ ಆ ತುದಿಯಿಂದ ಮರಳಿ ಬರುವ ಅಲೆಯನ್ನು ಅದು ಅಲ್ಲೇ ನುಂಗಿಕೊಳ್ಳಬೇಕಲ್ಲ. ಮೂರ್ನಾಲ್ಕು ಮೀಟರಿನವರಿಗೆ ಇಷ್ಟೇ ಸಾಕಾಗಬಹುದು.

ಕೇಬಲ್ ಬದಲಿಸಿಯೂ ನೋಡಿದೆ. ಶೀಲ್ಡ್, ಅಂದರೆ ಸುತ್ತ ಲೋಹದ ಹೊದಿಕೆ ಇರುವ ಕೇಬಲ್ ಒಳ್ಳೆಯದು ಅಂತ ನನಗೆ ಭಾರೀ ನಂಬಿಕೆ ಇತ್ತು. ಹಾಕಿದರೆ ಮಿಂಚು ಜಾಸ್ತಿಯಾಯಿತು, ಶೀಲ್ಡ್ ಬಂದರೆ ಆ ಪಿಕೊಫ್ಯಾರಡ್ ಸಹ ಏರುತ್ತದೆ ನೋಡಿ. ನೆಟ್‌ವರ್ಕ್ ಕೇಬಲ್ಲಿನ ಒಂದು ಹೊಸೆದ ಜೋಡಿಯಲ್ಲಿ ಒಂದು ಎಳೆಗೆ ಡೇಟಾ, ಇನ್ನೊಂದಕ್ಕೆ ಗ್ರೌಂಡ್ ಕೊಟ್ಟಾಗ ವಾಸಿ ಅನ್ನಿಸಿತು.

ನನಗೆ ಗೆಲುವು ತಂದದ್ದು ತ್ಯಾಗದ ಬಲ್ಬು. ಹಳೆಯ ಸರದಿಂದ ಒಂದು ಬಲ್ಬು ಕತ್ತರಿಸಿ, ಕೇಬಲ್ಲಿನ ನಟ್ಟನಡುವೆ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಎಳೆದೆ. ಅದು ಸಂಕೇತವನ್ನು ಹಿಡಿದು ಹೊಸದಾಗಿ ಮಾಡಿ ಕಳಿಸುತ್ತದೆ. 9 ಮೀಟರಿನ ಒಂದು ನೆಗೆತ ನಾಲ್ಕೂವರೆ ಮೀಟರಿನ ಎರಡಾಯಿತು. ಅಂದಿನಿಂದ ಮಿಂಚು ಕಂಡಿಲ್ಲ. ತೊಡಕು ಎರಡು. ಆ ಬಲ್ಬಿಗೂ 12 ವೋಲ್ಟ್ ಬೇಕು, ಹಾಗಾಗಿ ಮೂರೆಳೆಯ ಕೇಬಲ್ಲೇ ಬೇಕಾಗುತ್ತದೆ. ಅದಕ್ಕೆ ಕರೆಂಟ್ ಒಂದು ಕಡೆಯಿಂದ ಮಾತ್ರ ಕೊಡಿ. ಎರಡನೆಯದು, ಲೆಕ್ಕದಲ್ಲಿ ಅದು 51ನೇ ಬಲ್ಬು. ಡಬ್ಲ್ಯೂಎಲ್‌ಇಡಿಯಲ್ಲಿ (ಕಂಟ್ರೋಲರಿನಲ್ಲಿ ಓಡುವ ತಂತ್ರಾಂಶ) ನಾನು ಒಟ್ಟು 101 ಅಂತ ಹಾಕಿ, ಎರಡು ಸೆಗ್ಮೆಂಟ್ (ಭಾಗ) ಮಾಡಿ, ಅದನ್ನು ಎರಡಕ್ಕೂ ಸೇರಿಸದೆ ಬಿಟ್ಟಿದ್ದೇನೆ. ಮರೆತರೆ ಎರಡನೇ ಸರದ ಎಲ್ಲ ಚಿತ್ರವೂ ಒಂದು ಬಲ್ಬು ಆಚೆ ಸರಿಯುತ್ತದೆ.

74ಎಎಚ್‌ಸಿಟಿ125 ಅನ್ನುವ, ಸಂಕೇತಕ್ಕೆ ಬಲ ಕೊಡುವ ಬಫರ್ ಚಿಪ್ಪನ್ನು ಮೊದಲ ಸರದ ಕೊನೆಯಲ್ಲಿ ಇಡುವುದೂ ಒಂದು ದಾರಿ. ಕೆಲಸ ಮಾಡಿತು, ಆದರೆ ಅದಕ್ಕೆ 5 ವೋಲ್ಟ್ ಬೇಕು, ನನ್ನಲ್ಲಿರುವುದು 12. 12ನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್, ನೀರು ಹೋಗದ ಡಬ್ಬಿ, ಇಷ್ಟೆಲ್ಲ ಒಂದು ಬಲ್ಬು ಮಾಡುವ ಕೆಲಸಕ್ಕೆ? ಬಿಚ್ಚಿಟ್ಟೆ.

ಎರಡನೇ ಸರಕ್ಕೆ ಪ್ರತ್ಯೇಕ ಕಂಟ್ರೋಲರ್ ಕೊಟ್ಟು ವೈಫೈ ಮೂಲಕ ಸಿಂಕ್ ಮಾಡಿದರೆ ತಂತಿಯ ಗೋಜೇ ಇಲ್ಲ. ಎರಡೂ ಕಡೆ ಒಂದೇ ಬಣ್ಣ ಬೇಕಿದ್ದರೆ ಪರವಾಗಿಲ್ಲ. ಒಂದು ಸರದಿಂದ ಇನ್ನೊಂದಕ್ಕೆ ಬೆಳಕು ಓಡಬೇಕು ಅಂದರೆ ಆ ಗಡಿಯಲ್ಲಿ ತೊದಲುತ್ತದೆ. ನನ್ನ ಕಣ್ಣಿಗೆ ಅದು ಚುಚ್ಚಿತು, ಮನೆಯಲ್ಲಿ ಬೇರೆ ಯಾರಿಗೂ ಗೊತ್ತೇ ಆಗಲಿಲ್ಲ ಅನ್ನುವುದೂ ನಿಜ.

ಉಳಿದದ್ದು ಆರ್‌ಎಸ್-485. ಒಂದೇ ಸಂಕೇತವನ್ನು ಎರಡು ಎಳೆಯಲ್ಲಿ ಕಳಿಸುವ ವಿಧಾನ ಅದು. ಇದನ್ನು 9 ಮೀಟರಿಗೆ ಹಾಕಲಿಲ್ಲ, ಹಿತ್ತಲಿನ ಮೂರನೇ ಸರಕ್ಕೆ ಹಾಕಿದೆ, ಅಲ್ಲಿಗೆ 40 ಮೀಟರ್. ಈ ಕಡೆ ಒಂದು ಮ್ಯಾಕ್ಸ್485 ಚಿಪ್, ಆ ಕಡೆ ಒಂದು, ನಡುವೆ ನೆಟ್‌ವರ್ಕ್ ಕೇಬಲ್ಲಿನ ಒಂದು ಜೋಡಿ. ಒಂದು ಎಳೆ ಏರಿದಾಗ ಇನ್ನೊಂದು ಇಳಿಯುತ್ತದೆ, ಆ ಕಡೆಯ ಚಿಪ್ ಎರಡರ ವ್ಯತ್ಯಾಸವನ್ನಷ್ಟೇ ನೋಡುತ್ತದೆ. ದಾರಿಯಲ್ಲಿ ಗಲಾಟೆ ಸೇರಿಕೊಂಡರೆ ಎರಡೂ ಎಳೆಗೆ ಒಂದೇ ಸಮ ಸೇರಿ, ಕಳೆದಾಗ ಹೋಗಿಬಿಡುತ್ತದೆ. ಇಷ್ಟು ದೂರಕ್ಕೆ ಉಳಿದ ಯಾವುದೂ ಇದರ ಹತ್ತಿರ ಬರುವುದಿಲ್ಲ. ಆದರೂ ಗ್ರೌಂಡ್ ತಂತಿ ಜೊತೆಗೇ ಹೋಗಲಿ, ಪಡೆಯುವ ತುದಿಯಲ್ಲಿ ಎರಡು ಎಳೆಯ ನಡುವೆ 120 ಓಮ್ ಇರಲಿ. ನಾನು ಮೊದಲ ಸಲ ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿದ್ದೆ. ಡೇಟಾ ಪೂರ್ತಿ ತಲೆಕೆಳಗಾಗಿ ಸರ ಸತ್ತ ಹಾಗೆ ಸುಮ್ಮನಿತ್ತು. ಚಿಪ್ ಸುಟ್ಟಿದೆ ಅಂತ ಎರಡು ಬದಲಿಸಿಯೂ ಆಗಿತ್ತು. ತಂತಿ ಅದಲುಬದಲು ಮಾಡಿದ ಕೂಡಲೇ ಹತ್ತಿಕೊಂಡಿತು.